ಸವಾಕೊ ಮತ್ತು ಎರಡು ವದಂತಿಗಳು: 'ಕಿಮಿ ನಿ ತೊದೊಕೆ' ಮಾಂಗಾ, ಅದರ ತೆರೆಯ ರೂಪಗಳು – ಒಂದು ಪ್ರಕರಣ ಅಧ್ಯಯನ

ಜಪಾನಿನ ಉತ್ತರದ ತುದಿಯಲ್ಲಿರುವ ಹೊಕ್ಕೈಡೊ ದ್ವೀಪ. ಅಲ್ಲಿನ ಒಂದು ಸಾಧಾರಣ ಊರಿನಲ್ಲಿ ಕಿತಾಹೊರೊ ಎಂಬ ಹೈಸ್ಕೂಲು. ಮೊದಲ ವರ್ಷದ ತರಗತಿಯಲ್ಲಿ ಉದ್ದ ಕಪ್ಪು ಕೂದಲಿನ ಹುಡುಗಿಯೊಬ್ಬಳಿದ್ದಾಳೆ. ಅವಳ ಹೆಸರು ಕುರೊನುಮಾ ಸವಾಕೊ. ಆದರೆ ತರಗತಿಯವರಿಗೆ ಅವಳು ಸಡಾಕೊ. ಅವಳ ನಿಜವಾದ ಹೆಸರೇ ಅದು ಅಂದುಕೊಂಡವರೂ ಇದ್ದಾರೆ.

ಸಡಾಕೊ ಅನ್ನುವುದು ಒಂದು ದೆವ್ವದ ಹೆಸರು. ಕೊಜಿ ಸುಜುಕಿ 1991ರಲ್ಲಿ ಬರೆದ 'ರಿಂಗು' ಕಾದಂಬರಿಯಿಂದ ಬಂದದ್ದು. 1998ರಲ್ಲಿ ಹಿಡೆಯೊ ನಕಾಟಾ ಅದನ್ನು ಸಿನಿಮಾ ಮಾಡಿದರು. ಮುಖದ ತುಂಬ ಕೂದಲು ಇಳಿಬಿಟ್ಟುಕೊಂಡು ಟಿವಿ ಪರದೆಯಿಂದ ತೆವಳಿ ಹೊರಬರುವ ಆ ಹೆಣ್ಣನ್ನು ಆಮೇಲೆ ಜಪಾನಿನಲ್ಲಿ ಯಾರೂ ಮರೆಯಲಿಲ್ಲ. ಸವಾಕೊಳಿಗೂ ಅಂಥದೇ ಕೂದಲು, ಬಿಳಿಚಿದ ಮುಖ, ಮೆಲ್ಲನೆಯ ದನಿ. ಸಾಲದ್ದಕ್ಕೆ ನಗಲು ಹೋದರೆ ಆ ನಗು ನೋಡುವವರಿಗೆ ಭಯ ಹುಟ್ಟಿಸುತ್ತದೆ. ಅವಳ ಕಣ್ಣಿಗೆ ಕಣ್ಣು ಕೊಟ್ಟು ಮೂರು ಸೆಕೆಂಡು ನೋಡಿದರೆ ಏನಾದರೂ ಕೆಟ್ಟದಾಗುತ್ತದೆ ಎಂಬ ಮಾತು ಶಾಲೆಯಲ್ಲೆಲ್ಲ ಹಬ್ಬಿದೆ.

ಕರುಹೊ ಶೀನಾ ಅವರ 'ಕಿಮಿ ನಿ ತೊದೊಕೆ' ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಶುರುವಾಗುವುದು ಇಲ್ಲಿಂದ. ಹೆಸರಿನ ಅರ್ಥ 'ನಿನ್ನನ್ನು ತಲುಪಲಿ' ಅಂತ. ಹೊಕ್ಕೈಡೊ ಲೇಖಕಿಯ ಸ್ವಂತ ಊರಿನ ಕಡೆ. 2005ರಲ್ಲಿ ಶುಯೇಶಾ ಪ್ರಕಾಶನದ 'ಬೆಸ್ಸತ್ಸು ಮಾರ್ಗರೆಟ್' ಮಾಸಪತ್ರಿಕೆಯಲ್ಲಿ ಇದು ಒಂದು ಬಿಡಿ ಕಥೆಯಾಗಿ ಬಂತು. ಓದುಗರಿಗೆ ಹಿಡಿಸಿತು, ಧಾರಾವಾಹಿಯಾಯಿತು. ಮುಗಿದದ್ದು 2017ರ ನವೆಂಬರ್‌ನಲ್ಲಿ. ಒಟ್ಟು 30 ಸಂಪುಟ. ಕಥೆಯೊಳಗೆ ಕಳೆಯುವುದು ಹೈಸ್ಕೂಲಿನ 3 ವರ್ಷ, ಹೊರಗೆ ಕಳೆದದ್ದು ಸುಮಾರು 12 ವರ್ಷ. ಹದಿನಾರಕ್ಕೆ ಓದಲು ಶುರು ಮಾಡಿದ ಹುಡುಗಿ ಕೊನೆಯ ಅಧ್ಯಾಯ ಓದುವಾಗ ಕೆಲಸಕ್ಕೆ ಹೋಗುವ ಹೆಂಗಸಾಗಿದ್ದಳು. 2008ರಲ್ಲಿ ಇದಕ್ಕೆ ಕೊಡಾನ್ಶಾ ಮಾಂಗಾ ಪ್ರಶಸ್ತಿ ಬಂತು, ಶೋಜೊ ವಿಭಾಗದಲ್ಲಿ. ಶೋಜೊ ಅಂದರೆ ಹದಿಹರೆಯದ ಹುಡುಗಿಯರಿಗಾಗಿ ಬರುವ ಮಾಂಗಾ. ಕೊಡಾನ್ಶಾ ಶುಯೇಶಾಕ್ಕೆ ಎದುರಾಳಿ ಪ್ರಕಾಶನ ಸಂಸ್ಥೆ ಅನ್ನುವುದನ್ನೂ ಗಮನಿಸಬೇಕು.

ಇದನ್ನು ಎಲ್ಲರೂ ಪ್ರೇಮಕಥೆ ಅನ್ನುತ್ತಾರೆ. ತಪ್ಪಲ್ಲ. ತರಗತಿಯ ಎಲ್ಲರ ಮೆಚ್ಚಿನ ಹುಡುಗ ಕಜೆಹಾಯಾ ಶೋತಾ, ಎಲ್ಲರೂ ದೂರ ಇಟ್ಟ ಸವಾಕೊ, ಇವರಿಬ್ಬರ ಪ್ರೀತಿ. ಆದರೆ ನಾನು ಇಲ್ಲಿ ಪ್ರಕರಣವಾಗಿ ಎತ್ತಿಕೊಳ್ಳುವುದು ವದಂತಿಯನ್ನು. ಒಂದು ವದಂತಿ ಹೇಗೆ ಒಬ್ಬಳ ಮೇಲೆ ಕೂತಿತು, ಅದನ್ನು ಯಾರು ಹೊತ್ತುಕೊಂಡಿದ್ದರು, ಯಾರು ಇಳಿಸಿದರು? ಕಜೆಹಾಯಾ ಬಂದು ಅವಳನ್ನು ಕಾಪಾಡಿದ ಅನ್ನುವ ಉತ್ತರ ಬಾಯಿಗೆ ಬೇಗ ಬರುತ್ತದೆ. ಮಾಂಗಾ ಕೊಡುವ ಉತ್ತರ ಅದಲ್ಲ. ಈ ಕಥೆಯನ್ನು ತೆರೆಗೆ ತಂದ ಪ್ರತಿಯೊಂದು ಪ್ರಯತ್ನವನ್ನೂ ನಾನು ತೂಗಿ ನೋಡುವುದು ಈ ಒಂದು ವಿಷಯದ ಮೇಲೆ.

ತರಗತಿ ಎಂಬ ಜಾಗ

ಮೊದಲು ಜಪಾನಿನ ಹೈಸ್ಕೂಲು ಹೇಗಿರುತ್ತದೆ ಅಂತ ತಿಳಿದಿರಬೇಕು. 15ರಿಂದ 18ರ ವಯಸ್ಸಿನ ಮಕ್ಕಳು, ಮೂರು ವರ್ಷ. ಏಪ್ರಿಲ್‌ನಲ್ಲಿ, ಚೆರ್ರಿ ಹೂವಿನ ಕಾಲದಲ್ಲಿ ಶಾಲೆ ಶುರು. ಹೆಚ್ಚಿನ ಪಾಠಗಳಿಗೆ ಮಕ್ಕಳು ಅದೇ ಕೋಣೆಯಲ್ಲಿ ಕೂತಿರುತ್ತಾರೆ, ಮೇಷ್ಟ್ರುಗಳು ಬದಲಾಗುತ್ತಾರೆ. ಪಾಠ ಮುಗಿದ ಮೇಲೆ ಕೋಣೆ ಗುಡಿಸುವವರೂ ಮಕ್ಕಳೇ. ಕ್ರೀಡಾಕೂಟ, ಶಾಲಾ ಹಬ್ಬ, ಪ್ರವಾಸ ಎಲ್ಲವನ್ನೂ ತರಗತಿಯೇ ಒಂದು ತಂಡವಾಗಿ ನಡೆಸುತ್ತದೆ. ಆಗಾಗ ಚೀಟಿ ಎತ್ತಿ ಕೂರುವ ಜಾಗ ಬದಲಿಸುತ್ತಾರೆ.

ಇಂಥ ಕಡೆ ಒಬ್ಬಳನ್ನು ದೂರ ಇಡುವುದಕ್ಕೆ ಯಾರೂ ಕಷ್ಟಪಡಬೇಕಿಲ್ಲ. ಬೈಯಬೇಕಿಲ್ಲ, ಹೊಡೆಯಬೇಕಿಲ್ಲ. ಸುಮ್ನೆ ಅವಳ ಪಕ್ಕದ ಚೀಟಿ ಬಂದಾಗ ಮುಖ ಸಣ್ಣ ಮಾಡಿಕೊಂಡರೆ ಸಾಕು. ಮಾಂಗಾದಲ್ಲಿ ಇದು ನಿಜವಾಗಿ ನಡೆಯುತ್ತದೆ. ಜಾಗ ಬದಲಾವಣೆಯ ದಿನ ಸವಾಕೊ ಪಕ್ಕ ಕೂರಲು ಯಾರೂ ತಯಾರಿಲ್ಲ. ಅವರಿಗೆ ತೊಂದರೆ ಆಗುತ್ತಿದೆಯಲ್ಲ ಅಂತ ಅವಳಿಗೆ ಸಂಕಟ. ಆಗ ಕಜೆಹಾಯಾ ಬಂದು ಪಕ್ಕದಲ್ಲಿ ಕೂರುತ್ತಾನೆ. ಯಾನೊ ಅಯಾನೆ, ಯೋಶಿದಾ ಚಿಜುರು, ಸನದಾ ರ್ಯೂ ಸುತ್ತಲಿನ ಜಾಗಗಳಿಗೆ ಬರುತ್ತಾರೆ. ನಾಲ್ಕು ಬೆಂಚು ಜರುಗಿದ್ದು, ಅಷ್ಟೇ. ಈ ಕಥೆಯಲ್ಲಿ ಅದು ದೊಡ್ಡ ಘಟನೆ.

ಮೊದಲನೆಯ ವದಂತಿಗೆ ಒಬ್ಬ ಒಡೆಯ ಇಲ್ಲ ಅನ್ನುವುದು ಇಲ್ಲಿ ಮುಖ್ಯ. ದೆವ್ವ, ಮೂರು ಸೆಕೆಂಡು, ಶಾಪ, ಇದನ್ನೆಲ್ಲ ಯಾರು ಮೊದಲು ಹೇಳಿದರು ಅಂತ ಯಾರಿಗೂ ಗೊತ್ತಿಲ್ಲ. ತರಗತಿಯಲ್ಲಿ ಕೆಟ್ಟವರು ಅಂತ ಯಾರೂ ಇಲ್ಲ. ಪೂರ್ತಿ ನಂಬಿದವರು ಕಡಿಮೆ. ಪೂರ್ತಿ ನಂಬದವರೂ ಕಡಿಮೆ. ಬೇಡ ಬಿಡು, ಯಾಕೆ ಬೇಕು ಅಂತ ಸರಿದವರೇ ಜಾಸ್ತಿ. ಒಡೆಯ ಇಲ್ಲದ ವದಂತಿಯನ್ನು ಅಳಿಸುವುದು ಕಷ್ಟ, ಯಾಕೆಂದರೆ ಅದನ್ನು ಯಾರ ಎದುರು ನಿಂತು ಅಲ್ಲಗಳೆಯುವುದು?

ಇನ್ನೂ ನೋವು ಕೊಡುವ ಮಾತೊಂದಿದೆ. ಆ ವದಂತಿಯನ್ನು ಹೊತ್ತು ನಿಂತವರಲ್ಲಿ ಸವಾಕೊಳೂ ಒಬ್ಬಳು. ತಾನು ಹೀಗೆ ಇರುವುದರಿಂದ ಜನ ಹೆದರುವುದು ಸಹಜ ಅಂತ ಅವಳು ಒಪ್ಪಿಕೊಂಡುಬಿಟ್ಟಿದ್ದಾಳೆ. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕು ಅನ್ನುವುದು ಅವಳ ನಿಯಮ. ಬೇರೆಯವರು ಬೇಡ ಅನ್ನುವ ಕೆಲಸ ತಾನೇ ಕೇಳಿ ತೆಗೆದುಕೊಳ್ಳುತ್ತಾಳೆ, ಶಾಲೆಯ ಹೂವಿನ ಪಾತಿ ನೋಡಿಕೊಳ್ಳುತ್ತಾಳೆ. ದೆವ್ವ ಕಾಣುವ ಶಕ್ತಿ ನಿನಗಿದೆಯಂತೆ ಅಂದರೆ ಇಲ್ಲ, ಕ್ಷಮಿಸಿ ಅನ್ನುತ್ತಾಳೆ. ಅವರಿಗೆ ನಿರಾಸೆ ಆಯಿತೇನೋ ಅಂತ ಅವಳ ಚಿಂತೆ. ಓದುವಾಗ ಇಲ್ಲಿ ನಗು ಬರುತ್ತದೆ, ಆಮೇಲೆ ಆ ನಗು ನಿಂತುಹೋಗುತ್ತದೆ.

ಕಜೆಹಾಯಾ ಮಾಡುವುದು ಒಂದೇ ಕೆಲಸ. ಅವಳನ್ನು ಅವಳ ಹೆಸರಿನಿಂದ ಕರೆಯುತ್ತಾನೆ, ಕುರೊನುಮಾ ಅಂತ. ಶಾಲೆ ಶುರುವಾದ ದಿನ ದಾರಿ ಗೊತ್ತಿಲ್ಲದ ಅವನಿಗೆ ಅವಳು ದಾರಿ ತೋರಿಸಿ ನಕ್ಕಿದ್ದಳು. ಆ ನಗು ಅವನ ಮನಸ್ಸಿನಲ್ಲಿ ಉಳಿದಿದೆ. ಬೇಸಿಗೆ ರಜೆಗೆ ಮುಂಚೆ ತರಗತಿಯವರು ಕಿಮೊದಮೆಶಿ ಇಟ್ಟುಕೊಳ್ಳುತ್ತಾರೆ. ಕತ್ತಲಲ್ಲಿ ಒಬ್ಬೊಬ್ಬರಾಗಿ ನಡೆದು ಧೈರ್ಯ ಪರೀಕ್ಷೆ ಮಾಡಿಕೊಳ್ಳುವ ಆಟ ಇದು. ಜಪಾನಿನಲ್ಲಿ ದೆವ್ವದ ಕಥೆಗೂ ಬೇಸಿಗೆಗೂ ಹಳೆಯ ನಂಟು. ಸವಾಕೊ ದೆವ್ವದ ಪಾತ್ರ ತಾನೇ ವಹಿಸುತ್ತೇನೆ ಅನ್ನುತ್ತಾಳೆ, ತನ್ನಿಂದ ಎಲ್ಲರಿಗೂ ಉಪಯೋಗ ಆಗುತ್ತದಲ್ಲ ಅಂತ. ಕಜೆಹಾಯಾ ಅವಳ ಜತೆ ಮಾತಾಡುತ್ತ ನಿಂತು ಕೊನೆಯವನಾಗುತ್ತಾನೆ. ಸೋತವನಿಗೆ ಶಿಕ್ಷೆ ಅಂತ ಹುಡುಗರು ಹೇಳುವುದು, ಒಂದು ವಾರ ಸಡಾಕೊ ಜತೆ ಓಡಾಡು ಅಂತ. ಒಬ್ಬ ಹುಡುಗಿಯನ್ನು ಶಿಕ್ಷೆ ಮಾಡಿಬಿಟ್ಟಿದ್ದಾರೆ. ಕಜೆಹಾಯಾಗೆ ಸಿಟ್ಟು ಬರುತ್ತದೆ. ಸವಾಕೊ ಮಾತ್ರ, ಅವನ ಹೆಸರಿಗೆ ಎಲ್ಲಿ ಕಳಂಕ ಬರುತ್ತದೋ ಅಂತ, ಗುಂಪಿನ ಎದುರು ನಿಂತು ಅವನ ಪರ ಮಾತಾಡುತ್ತಾಳೆ. ತನ್ನ ಪರ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಬೀಗದ ಕೈ ಆಗುತ್ತದೆ.

ಎರಡನೆಯ ವದಂತಿ

ಚಿಜುರು ಜೋರುಬಾಯಿಯ, ಕಣ್ಣೀರು ಬೇಗ ಬರುವ ಹುಡುಗಿ. ಯಾನೊ ಅಲಂಕಾರ ಮಾಡಿಕೊಳ್ಳುವ, ಎಲ್ಲವನ್ನೂ ಅಳೆದು ನೋಡುವ ಜಾಣೆ. ಇಬ್ಬರೂ ಸವಾಕೊ ಹತ್ತಿರ ಬರುತ್ತಾರೆ. ಆಗ ಹೊಸ ಸುದ್ದಿ ಹಬ್ಬುತ್ತದೆ. ಯಾನೊ ಹುಡುಗರ ವಿಷಯದಲ್ಲಿ ಸರಿ ಇಲ್ಲವಂತೆ, ಚಿಜುರು ಹಿಂದೆ ಪುಂಡರ ಗುಂಪಿನಲ್ಲಿದ್ದಳಂತೆ. ಇದನ್ನು ಹೇಳಿದವಳು ಸವಾಕೊ ಅಂತೆ.

ಈ ವದಂತಿಗೆ ಒಡತಿ ಇದ್ದಾಳೆ. ಕುರುಮಿಜಾವಾ ಉಮೆ. ಉಮೆ ಎಂಬ ಹೆಸರು ಅವಳಿಗೆ ಇಷ್ಟವಿಲ್ಲ, ಕುರುಮಿ ಅಂತಲೇ ಕರೆಸಿಕೊಳ್ಳುತ್ತಾಳೆ. ಗೊಂಬೆಯಂಥ ಮುಖ, ಗುಂಗುರು ಕೂದಲು, ಎಲ್ಲರಿಗೂ ಮುದ್ದು. ಮಿಡ್ಲ್ ಸ್ಕೂಲಿನಿಂದ ಕಜೆಹಾಯಾನನ್ನು ಪ್ರೀತಿಸುತ್ತಿದ್ದಾಳೆ. ಅವನ ಪಕ್ಕಕ್ಕೆ ಸವಾಕೊ ಬರುವುದು ಅವಳಿಗೆ ತಡೆಯಲಾಗುತ್ತಿಲ್ಲ.

ಸವಾಕೊ ಮೊದಲು ಮಾಡುವುದು ತಪ್ಪು ಕೆಲಸ. ತನ್ನಿಂದ ಇವರ ಹೆಸರು ಕೆಡುತ್ತಿದೆ ಅಂದುಕೊಂಡು ತಾನೇ ಇಬ್ಬರಿಂದಲೂ ದೂರ ಸರಿಯುತ್ತಾಳೆ. ಮೊದಲನೆಯ ವದಂತಿ ಅವಳಿಗೆ ಕಲಿಸಿಟ್ಟ ಅಭ್ಯಾಸ ಅದು. ಆ ಮೌನ ಚಿಜುರುಗೂ ಯಾನೊಗೂ ಬೇರೆ ಥರ ಕಾಣುತ್ತದೆ. ಇವಳೇ ಹೇಳಿರಬಹುದಾ? ಅಥವಾ ನಮ್ಮನ್ನು ಕಂಡರೆ ಇವಳಿಗೆ ಇಷ್ಟ ಇಲ್ಲವಾ? ಒಳ್ಳೆಯವರ ನಡುವೆಯೂ ಸುಮ್ಮನಿರುವುದು ಎಷ್ಟು ಕೆಡುಕು ಮಾಡುತ್ತದೆ ಅಂತ ಈ ಅಧ್ಯಾಯಗಳಲ್ಲಿ ಶೀನಾ ತೋರಿಸುವ ರೀತಿ ನನಗೆ ತುಂಬ ಇಷ್ಟ. ಯಾರೂ ಕೆಟ್ಟದ್ದು ಬಯಸಿಲ್ಲ, ಆದರೂ ಮೂವರೂ ಒಳಗೊಳಗೆ ಕರಗುತ್ತಿದ್ದಾರೆ.

ಗಂಟು ಬಿಚ್ಚುವುದು ಹುಡುಗಿಯರ ಶೌಚಾಲಯದಲ್ಲಿ. ಕೆಲವು ಹುಡುಗಿಯರು ಯಾನೊ, ಚಿಜುರು ಬಗ್ಗೆ ಹಗುರವಾಗಿ ಮಾತಾಡುತ್ತಿರುವುದು ಸವಾಕೊ ಕಿವಿಗೆ ಬೀಳುತ್ತದೆ. ಅವಳು ಹೋಗಿ ಎದುರು ನಿಲ್ಲುತ್ತಾಳೆ. ಆ ಮಾತು ಹಿಂದಕ್ಕೆ ತೆಗೆದುಕೊಳ್ಳಿ ಅನ್ನುತ್ತಾಳೆ. ಅವರು ರೇಗುತ್ತಾರೆ, ಅವಳು ಜಗ್ಗುವುದಿಲ್ಲ. ತನ್ನನ್ನು ದೆವ್ವ ಅಂದಾಗ ಒಂದು ದಿನವೂ ತುಟಿ ಬಿಚ್ಚದವಳು ಸ್ನೇಹಿತೆಯರ ಹೆಸರು ಬಂದಾಗ ಅಲ್ಲಾಡದೆ ನಿಂತಿದ್ದಾಳೆ. ಆಗ ಚಿಜುರು, ಯಾನೊ ಇಬ್ಬರೂ ಅಲ್ಲಿಗೆ ಬರುತ್ತಾರೆ. ಉಳಿದ ಮಾತು ಅಲ್ಲೇ ಆಡಿ ಮುಗಿಯುತ್ತದೆ. ಮೂವರೂ ಅಳುತ್ತಾರೆ. ಆವತ್ತಿನಿಂದ ಅವರು ಸ್ನೇಹಿತೆಯರು. ಆದರೆ ನಿಜಕ್ಕೆ ಅದಕ್ಕೆ ಮುಂಚೆಯೇ ಆಗಿಬಿಟ್ಟಿದ್ದರು, ಸವಾಕೊಗೆ ಅದು ಗೊತ್ತಿರಲಿಲ್ಲ.

ಕಜೆಹಾಯಾ ಈ ಕೋಣೆಯೊಳಗೆ ಇರುವ ಹಾಗೇ ಇಲ್ಲ, ಅಲ್ವಾ? ಲೇಖಕಿ ಆರಿಸಿಕೊಂಡ ಜಾಗ ಅಂಥದು. ನಾಯಕ ಕಾಲಿಡಲಾಗದ ಕಡೆ ಕಥೆಯ ಮೊದಲ ದೊಡ್ಡ ಗಂಟು ಬಿಚ್ಚುತ್ತದೆ. ಅವನು ಅವಳ ಜತೆ ಮಾತಾಡಿ ಬಾಗಿಲು ತೆರೆದ, ನಿಜ. ದಾಟಿದವಳು ಅವಳೇ.

ಕುರುಮಿ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದೆ. ವದಂತಿ ಅವಳದೇ ಅಂತ ಯಾನೊ ಕ್ರೀಡಾಕೂಟದ ಹೊತ್ತಿಗೆ ಪತ್ತೆ ಹಚ್ಚುತ್ತಾಳೆ. ಕುರುಮಿ ಕಜೆಹಾಯಾಗೆ ತನ್ನ ಮನಸ್ಸು ಹೇಳಿಕೊಂಡು ಇಲ್ಲ ಅನ್ನಿಸಿಕೊಳ್ಳುತ್ತಾಳೆ. ಸವಾಕೊ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕಿತ್ತು. ಆದರೆ ಸವಾಕೊಗೆ ಅವಳು ಎದುರಾಳಿ, ಸಮಾನಳು, ಪ್ರೀತಿಯ ಬಗ್ಗೆ ಬಾಯಿಬಿಟ್ಟು ಮಾತಾಡಲು ಸಿಕ್ಕ ಮೊದಲ ಹುಡುಗಿ. ಶೋಜೊ ಮಾಂಗಾಗಳಲ್ಲಿ ನಾಯಕಿಗೆ ಅಡ್ಡ ಬರುವ ಚೆಲುವೆ ಸಾಮಾನ್ಯವಾಗಿ ಅವಮಾನ ಪಟ್ಟು ಮರೆಯಾಗುತ್ತಾಳೆ. ಶೀನಾ ಅವಳನ್ನು ಕೊನೆಯ ಸಂಪುಟದವರೆಗೂ ಕರೆದುಕೊಂಡು ಹೋಗುತ್ತಾರೆ.

ಕಾಗದದ ಮೇಲೆ

ತೆರೆಯ ರೂಪಗಳಿಗೆ ಹೋಗುವ ಮುಂಚೆ ಪುಟದ ಬಗ್ಗೆ ಸ್ವಲ್ಪ. ಶೀನಾ ಅವರ ಪುಟಗಳಲ್ಲಿ ಹಿನ್ನೆಲೆ ಬಹಳ ಕಡೆ ಖಾಲಿ. ಒಂದು ಮುಖ, ಒಂದು ಕೈ, ಸುತ್ತ ಬಿಳಿ. ಸವಾಕೊ ಮನಸ್ಸಿನ ಮಾತು ಮಾತಿನ ಗುಳ್ಳೆಯೊಳಗೆ ಇರುವುದಿಲ್ಲ, ಆ ಬಿಳಿಯ ಮೇಲೆ ಬಿಡಿಬಿಡಿ ಸಾಲುಗಳಾಗಿ ಬೀಳುತ್ತದೆ. ಅದೇ ಪುಟದಲ್ಲಿ ಅವಳು ಇದ್ದಕ್ಕಿದ್ದಂತೆ ಎರಡು ತಲೆ ಎತ್ತರದ ಪುಟಾಣಿ ಗೊಂಬೆಯಾಗಿಬಿಡುತ್ತಾಳೆ. ಇನ್ನೊಂದು ಚೌಕದಲ್ಲಿ ದೆವ್ವದ ಮುಖ, ಕಣ್ಣ ಕೆಳಗೆ ಕಪ್ಪು ಗೆರೆ. ಮುಂದಿನ ಚೌಕದಲ್ಲಿ ನಿಜವಾದ ಮುಖ. ಬೇರೆಯವರಿಗೆ ಕಾಣುವ ಸವಾಕೊ, ತನಗೆ ತಾನು ಕಾಣುವ ಸವಾಕೊ, ಕಜೆಹಾಯಾಗೆ ಕಾಣುವ ಸವಾಕೊ, ಈ ಮೂವರೂ ಒಂದೇ ಪುಟದಲ್ಲಿ ಇರಬಲ್ಲರು. ವದಂತಿಯ ಕಥೆಗೆ ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ.

ಹೊರಗೆ ನಡೆಯುವ ಘಟನೆ ಕಡಿಮೆ, ಒಳಗೆ ನಡೆಯುವುದು ಜಾಸ್ತಿ. ತೆರೆಗೆ ತರುವವರಿಗೆ ಇದೇ ತಲೆನೋವು.

ಅನಿಮೆ: 2009 ಮತ್ತು 2011

ಇದನ್ನು ಅನಿಮೆ, ಅಂದರೆ ಜಪಾನಿ ಅನಿಮೇಶನ್ ಧಾರಾವಾಹಿ, ಮಾಡುವ ಕೆಲಸಕ್ಕೆ ಪ್ರೊಡಕ್ಷನ್ ಐ.ಜಿ. ಕೈ ಹಾಕಿತು. 'ಘೋಸ್ಟ್ ಇನ್ ದಿ ಶೆಲ್' ಮಾಡಿದ ಸ್ಟುಡಿಯೋ, ಯಂತ್ರ, ಬಂದೂಕು, ಮಳೆ ಸುರಿಯುವ ನಗರಗಳಿಗೆ ಹೆಸರಾದದ್ದು. ಇಂಥ ಸ್ಟುಡಿಯೋ ತೆಳುಬಣ್ಣದ ಈ ಶಾಲೆಯ ಕಥೆಯನ್ನು ಎಷ್ಟು ಮೆತ್ತಗೆ ಹಿಡಿದುಕೊಂಡಿತು ಅಂತ ಈಗಲೂ ನೋಡಿದಾಗ ಸಂತೋಷವಾಗುತ್ತದೆ. ನಿರ್ದೇಶಕ ಹಿರೊ ಕಬುರಾಗಿ. 2009ರ ಅಕ್ಟೋಬರ್‌ನಿಂದ 2010ರ ಮಾರ್ಚ್‌ವರೆಗೆ ನಿಪ್ಪಾನ್ ಟಿವಿಯಲ್ಲಿ 25 ಕಂತು ಬಂತು. ಎರಡನೆಯ ಸೀಸನ್ 2011ರ ಜನವರಿಯಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯಿತು.

ಸವಾಕೊಗೆ ದನಿ ಕೊಟ್ಟವರು ಮಾಮಿಕೊ ನೊಟೊ. ಅದಕ್ಕೆ ಕೆಲವು ವರ್ಷ ಮುಂಚೆ, 2005ರಲ್ಲಿ ಬಂದ 'ಜಿಗೋಕು ಶೋಜೊ' ಅನಿಮೆಯಲ್ಲಿ ಎನ್ಮಾ ಆಯಿ ಎಂಬ ಪಾತ್ರಕ್ಕೆ ಇವರದೇ ದನಿ. ಉದ್ದ ಕಪ್ಪು ಕೂದಲಿನ, ಜನರನ್ನು ನರಕಕ್ಕೆ ಕಳಿಸುವ ಹುಡುಗಿ ಅವಳು. ಜಪಾನಿನ ಅನಿಮೆ ನೋಡುಗರಿಗೆ ಆ ಪಿಸುದನಿ ಚೆನ್ನಾಗಿ ಪರಿಚಯ. ಅದೇ ದನಿಯಲ್ಲಿ ಸವಾಕೊ ಒಂದು ನಮಸ್ಕಾರ ಹೇಳಿದರೂ ಮೈ ಸ್ವಲ್ಪ ಜುಮ್ಮೆನ್ನುತ್ತದೆ. ತರಗತಿಯವರಿಗೆ ಹುಟ್ಟುವ ಹೆದರಿಕೆ ಏನು ಅಂತ ನೋಡುವವರಿಗೂ ಒಂದು ಕ್ಷಣ ತಿಳಿಯುತ್ತದೆ. ಕಂತು ಮುಂದೆ ಹೋದ ಹಾಗೆ ಅದೇ ದನಿ ಎಷ್ಟು ಬೆಚ್ಚಗಿದೆ ಅನ್ನಿಸುತ್ತದೆ. ದನಿ ಬದಲಾಗಿಲ್ಲ, ಕೇಳುವ ನಾವು ಬದಲಾಗಿದ್ದೇವೆ. ಕಜೆಹಾಯಾಗೆ ದೈಸುಕೆ ನಮಿಕಾವಾ, ಚಿಜುರುಗೆ ಮಿಯುಕಿ ಸವಾಶಿರೊ, ಕುರುಮಿಗೆ ಆಯಾ ಹಿರಾನೊ ದನಿ ಕೊಟ್ಟಿದ್ದಾರೆ.

ಪುಟಾಣಿ ಗೊಂಬೆಯ ಮುಖ, ದೆವ್ವದ ಮುಖ ಇವನ್ನೆಲ್ಲ ಅನಿಮೆ ಹಾಗೇ ಉಳಿಸಿಕೊಂಡಿತು. ಮನಸ್ಸಿನ ಮಾತಿಗೆ ಬಿಳಿ ಜಾಗದ ಬದಲು ಸಮಯ ಕೊಟ್ಟಿತು. ಮೊದಲ ಸೀಸನ್ನಿನ ಆರಂಭದ ಹಲವು ಕಂತುಗಳು ಪೂರ್ತಿ ವದಂತಿ ಮತ್ತು ಸ್ನೇಹಕ್ಕೇ ಹೋಗುತ್ತವೆ. ಪ್ರೇಮಕಥೆ ನೋಡೋಣ ಅಂತ ಕೂತವರಿಗೆ ಇದು ನಿಧಾನ ಅನ್ನಿಸಬಹುದು. ಆದರೆ ಶೌಚಾಲಯದ ದೃಶ್ಯ ಬರುವ ಹೊತ್ತಿಗೆ ಮೂವರು ಹುಡುಗಿಯರ ಒಳಗೆ ಏನೇನು ತುಂಬಿಕೊಂಡಿದೆ ಅಂತ ನಮಗೆ ಗೊತ್ತಿರುತ್ತದೆ. ಅದಕ್ಕೇ ಅವರು ಅತ್ತಾಗ ನಮ್ಮ ಗಂಟಲೂ ಕಟ್ಟುತ್ತದೆ. 25 ಕಂತು ಮುಗಿದರೂ ಕಥೆ ಮೊದಲ ವರ್ಷದ ಹೊಸ ವರ್ಷದ ದಿನಕ್ಕೆ ಮಾತ್ರ ಬಂದಿರುತ್ತದೆ. ಸವಾಕೊ ಹುಟ್ಟಿದ್ದು ಡಿಸೆಂಬರ್ 31ರಂದು. ಆ ರಾತ್ರಿ ಗೆಳತಿಯರು ಉಪಾಯ ಮಾಡಿ ಅವಳನ್ನೂ ಕಜೆಹಾಯಾನನ್ನೂ ದೇಗುಲಕ್ಕೆ ಒಟ್ಟಿಗೆ ಕಳಿಸುತ್ತಾರೆ.

ಎರಡನೆಯ ಸೀಸನ್ನಿನಲ್ಲಿ ವದಂತಿ ಇನ್ನೊಂದು ರೂಪದಲ್ಲಿ ಮರಳುತ್ತದೆ, ಈ ಸಲ ಸವಾಕೊ ತಲೆಯೊಳಗೆ. ವ್ಯಾಲೆಂಟೈನ್ ದಿನ ಕಜೆಹಾಯಾಗಾಗಿ ಮಾಡಿದ ಚಾಕೊಲೇಟನ್ನು ಕೊಡಲು ಆಗುವುದಿಲ್ಲ. ಎರಡನೆಯ ವರ್ಷಕ್ಕೆ ಮಿಯುರಾ ಕೆಂಟೊ ಎಂಬ ಹುಡುಗ ಬರುತ್ತಾನೆ. ಒಳ್ಳೆಯ ಮನಸ್ಸಿನವನೇ, ಮಧ್ಯೆ ತಲೆ ಹಾಕಿ ಇನ್ನಷ್ಟು ಗೋಜಲು ಮಾಡುತ್ತಾನೆ. ಕಜೆಹಾಯಾ ಇಷ್ಟ ಅಂದರೂ ಅದು ತನ್ನಂಥವಳ ಮೇಲಿನ ಕರುಣೆ ಇರಬೇಕು ಅಂತ ಅವಳ ಮನಸ್ಸು ಅರ್ಥ ಮಾಡಿಕೊಳ್ಳುತ್ತದೆ. ದೆವ್ವ ಎಂಬ ಹೆಸರನ್ನು ಶಾಲೆಯವರು ಮರೆತಿದ್ದಾರೆ, ಅವಳು ಮರೆತಿಲ್ಲ.

ಹಲವರು ಈ ಸೀಸನ್ ನೋಡಿ ತಾಳ್ಮೆ ಕಳೆದುಕೊಳ್ಳುತ್ತಾರೆ. ಅಯ್ಯೋ, ಒಂದು ಮಾತು ಹೇಳಿಬಿಡಬಾರದಾ ಅಂತ. ನನಗೂ ಕೆಲವು ಕಂತುಗಳು ಎಳೆದ ಹಾಗೆ ಅನ್ನಿಸಿದ್ದು ನಿಜ. ಆದರೂ ಕಾರಣ ಗಟ್ಟಿಯಾಗಿದೆ. ಹತ್ತು ವರ್ಷ ನೀನು ಬೇಡದವಳು ಅನ್ನಿಸಿಕೊಂಡು ಬೆಳೆದವಳಿಗೆ ನೀನು ಬೇಕು ಅನ್ನುವ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಅಲ್ಲಿ ಅವಳನ್ನು ತಳ್ಳುವವಳು ಯಾರು ಗೊತ್ತಾ? ಕುರುಮಿ. ನಿನ್ನ ಮಾತು ನೀನು ಹೇಳದೆ ಇರುವುದು ನನಗೆ ಮಾಡುವ ಅವಮಾನ ಅನ್ನುವ ಧಾಟಿಯಲ್ಲಿ ಅವಳು ಸವಾಕೊಳನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಶಾಲಾ ಹಬ್ಬದ ಗದ್ದಲದ ನಡುವೆ ಸವಾಕೊ ಕಜೆಹಾಯಾನ ಹತ್ತಿರ ಓಡುತ್ತಾಳೆ. ಇಲ್ಲೂ ದಾಟುವವಳು ಅವಳೇ. ಆಮೇಲೆ ಕಜೆಹಾಯಾ ಎಲ್ಲರ ಎದುರಿಗೇ ತನ್ನ ಮನಸ್ಸು ಹೇಳುತ್ತಾನೆ.

ಎರಡು ಗಂಟೆಯ ಸಿನಿಮಾ

ನವೊತೊ ಕುಮಾಜಾವಾ ನಿರ್ದೇಶಿಸಿದ ಸಿನಿಮಾ 2010ರ ಸೆಪ್ಟೆಂಬರ್ 25ರಂದು ತೆರೆಕಂಡಿತು. ಸವಾಕೊ ಆಗಿ ಮಿಕಾಕೊ ತಾಬೆ, ಕಜೆಹಾಯಾ ಆಗಿ ಹರುಮಾ ಮಿಯುರಾ, ಕುರುಮಿ ಆಗಿ ಮಿರೇಯಿ ಕಿರಿತಾನಿ. ಆಗ ಮಾಂಗಾ ಇನ್ನೂ ನಡೆಯುತ್ತಿತ್ತು, ಅನಿಮೆಯ ಎರಡನೆಯ ಸೀಸನ್ ಬಂದಿರಲಿಲ್ಲ.

ಎರಡು ಗಂಟೆಗೂ ಸ್ವಲ್ಪ ಜಾಸ್ತಿ ಸಮಯದಲ್ಲಿ ವದಂತಿ, ಸ್ನೇಹ, ಕುರುಮಿ, ಪ್ರೀತಿ ಎಲ್ಲ ಹಿಡಿಸಬೇಕು. ಕೆಂಟೊ ತರುವ ಗೋಜಲು ಇದರಲ್ಲಿ ಇಲ್ಲ. ಅದನ್ನು ಬಿಟ್ಟದ್ದು ಸರಿ. ಇನ್ನು ಪುಟಾಣಿ ಗೊಂಬೆಯ ಮುಖವನ್ನು ನಿಜವಾದ ನಟಿಯ ಮೇಲೆ ಬರೆಯಲು ಆಗುವುದಿಲ್ಲ. ದೆವ್ವದ ಕಪ್ಪು ಗೆರೆಗಳೂ ಇಲ್ಲ. ತಾಬೆ ಇದನ್ನೆಲ್ಲ ಮೈಯಲ್ಲೇ ತಂದಿದ್ದಾರೆ. ಬಗ್ಗಿದ ಭುಜ, ನೆಲ ನೋಡುವ ಕಣ್ಣು, ಮಾತಾಡುವ ಮುಂಚೆ ಒಂದು ಚಿಕ್ಕ ತಡೆ. ನಗಲು ಯತ್ನಿಸುವಾಗ ಮುಖ ಬಿಗಿಯುವ ರೀತಿ ನೋಡಿದರೆ ತರಗತಿಯವರು ಯಾಕೆ ಹೆದರಿದರು, ಕಜೆಹಾಯಾ ಯಾಕೆ ಸೋತ, ಎರಡೂ ಒಟ್ಟಿಗೆ ಅರ್ಥವಾಗುತ್ತದೆ. ಹರುಮಾ ಮಿಯುರಾ 2020ರ ಜುಲೈನಲ್ಲಿ ತೀರಿಕೊಂಡರು, ಇನ್ನೂ ಮೂವತ್ತರ ವಯಸ್ಸು. ಇಲ್ಲಿನ ಅವರ ಬಿಚ್ಚು ನಗುವನ್ನು ಈಗ ನೋಡುವವರಿಗೆ ಸಂಕಟವಾಗದೆ ಇರುವುದಿಲ್ಲ.

ಸಿನಿಮಾ ಕಳೆದುಕೊಂಡದ್ದು ಕಾಯುವಿಕೆಯನ್ನು. ಶೌಚಾಲಯದ ದೃಶ್ಯ ಇದೆ, ಚೆನ್ನಾಗಿಯೂ ಇದೆ. ಆದರೆ ಅದಕ್ಕೆ ಮುಂಚಿನ ಮೌನ ಚಿಕ್ಕದಾಗಿದೆ. ಚಿಜುರು, ಯಾನೊ ಅನುಮಾನದಲ್ಲಿ ಒದ್ದಾಡುವುದಕ್ಕೆ ಸಮಯ ಸಾಲದೆ, ಅವರು ಮೊದಲಿನಿಂದಲೂ ಒಳ್ಳೆಯ ಗೆಳತಿಯರೇ ಅನ್ನಿಸಿಬಿಡುತ್ತದೆ. ಅನುಮಾನ ಇಲ್ಲದ ಕಡೆ ನಂಬಿಕೆಗೂ ತೂಕ ಕಡಿಮೆ. ಕಥೆಯ ಭಾರ ಮೆಲ್ಲಗೆ ಕಜೆಹಾಯಾ ಕಡೆಗೆ ವಾಲುತ್ತದೆ. ಅವನು ಕಾಪಾಡಿದ ಅನ್ನುವ ಭಾವನೆ ಬರುವುದು ಹೀಗೆ. ಯಾರೂ ಬೇಕೆಂದು ಮಾಡಿದ್ದಲ್ಲ, ಸಮಯದ ಕೊರತೆ ಮಾಡಿದ್ದು.

2023 ಮತ್ತು 2024

ಹನ್ನೆರಡು ವರ್ಷ ಈ ಕಥೆ ತೆರೆಯಿಂದ ದೂರವಿತ್ತು. 2023ರ ಮಾರ್ಚ್ 30ರಂದು ನೆಟ್‌ಫ್ಲಿಕ್ಸ್ ಮತ್ತು ಟಿವಿ ಟೋಕಿಯೊ ಸೇರಿ 12 ಕಂತಿನ ಧಾರಾವಾಹಿ ತಂದವು. ಸವಾಕೊ ಆಗಿ ಸಾರಾ ಮಿನಾಮಿ, ಕಜೆಹಾಯಾ ಆಗಿ ಓಜಿ ಸುಜುಕಾ. ಸಿನಿಮಾಕ್ಕೆ ಸಿಗದ ಜಾಗ ಇದಕ್ಕೆ ಸಿಕ್ಕಿತು. ಚಿಜುರು ಕಥೆ ನೋಡಿ. ರ್ಯೂ ಮನೆಯವರದು ರಾಮೆನ್ ಎಂಬ ನೂಡಲ್ಸ್ ಸಾರಿನ ಅಂಗಡಿ. ಅವನ ಅಣ್ಣ ತೋರು ಮೇಲೆ ಚಿಜುರುಗೆ ಚಿಕ್ಕಂದಿನಿಂದ ಆಸೆ. ಅಣ್ಣ ಒಂದು ದಿನ ಮದುವೆಯಾಗುವ ಹುಡುಗಿಯನ್ನು ಕರೆದುಕೊಂಡು ಊರಿಗೆ ಬರುತ್ತಾನೆ. ಚಿಜುರುವನ್ನೇ ಪ್ರೀತಿಸುವ ರ್ಯೂ ಬಾಯಿ ಬಿಡದೆ ಅವಳ ಪಕ್ಕ ಇರುತ್ತಾನೆ. ಈ ಎಳೆ ಸಿಕ್ಕಾಗ ಚಿಜುರು ನಾಯಕಿಯ ಗೆಳತಿಯಾಗಿ ಮಾತ್ರ ಉಳಿಯುವುದಿಲ್ಲ, ತಾನೇ ಒಂದು ಕಥೆಯಾಗುತ್ತಾಳೆ. ಆಗ ಶೌಚಾಲಯದಲ್ಲಿ ಸವಾಕೊ ಯಾರ ಪರ ನಿಂತಳು ಅನ್ನುವುದಕ್ಕೂ ತೂಕ ಬರುತ್ತದೆ.

ಮಿನಾಮಿ ಅವರ ಸವಾಕೊ ನನಗೆ ತಾಬೆ ಅವರಷ್ಟು ಆಳಕ್ಕೆ ಇಳಿಯಲಿಲ್ಲ. ಅವರಲ್ಲಿ ಬೆಳಕು ಜಾಸ್ತಿ, ಹೆದರಿಕೆ ಹುಟ್ಟಿಸುವ ಅಂಶ ಕಡಿಮೆ. ಇವಳನ್ನು ಕಂಡು ತರಗತಿ ಯಾಕೆ ಓಡುತ್ತದೆ ಅಂತ ಕೇಳಬೇಕೆನಿಸುತ್ತದೆ. ಆದರೆ ಕಂತುಗಳ ಲೆಕ್ಕದಲ್ಲಿ ನಟರ ರೂಪಗಳ ಪೈಕಿ ಇದೇ ಮಾಂಗಾಕ್ಕೆ ಹತ್ತಿರ.

2024ರ ಆಗಸ್ಟ್ 1ರಂದು ಅನಿಮೆಯ ಮೂರನೆಯ ಸೀಸನ್ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಅದೇ ಪ್ರೊಡಕ್ಷನ್ ಐ.ಜಿ., ಅದೇ ನೊಟೊ, ಅದೇ ನಮಿಕಾವಾ. ಮಾಮೂಲಿಗಿಂತ ಬಹಳ ಉದ್ದದ 5 ಕಂತು. 13 ವರ್ಷದ ನಂತರವೂ ಅದೇ ದನಿಗಳು ಸೇರಿದ್ದು ಅಭಿಮಾನಿಗಳಿಗೆ ಹಬ್ಬದಂತಿತ್ತು. ಇಲ್ಲಿ ಪ್ರಶ್ನೆ ಬೇರೆ. ಇಬ್ಬರೂ ಪ್ರೀತಿಸುತ್ತಿರುವುದು ಎಲ್ಲರಿಗೂ ಗೊತ್ತು, ಮುಂದೇನು? ಶಾಲೆಯಿಂದ ಓಕಿನಾವಾ ಪ್ರವಾಸ, ಹಿಂಜರಿಕೆಗಳು, ಚಿಜುರು ಮತ್ತು ರ್ಯೂ ನಡುವೆ ಬಲಿಯುವ ಸಂಬಂಧ. ಈಗ ತಡೆದು ನಿಲ್ಲುವವನು ಕಜೆಹಾಯಾ. ಎಲ್ಲರೂ ಮೆಚ್ಚುವ ಹುಡುಗನಿಗೂ ಒಂದು ಹೊರೆ ಇದೆ ಅಂತ ಇಲ್ಲಿ ಕಾಣುತ್ತದೆ. ಒಳ್ಳೆಯವನು ಎಂಬ ಹೆಸರೂ ಒಂದು ಥರದ ವದಂತಿಯೇ, ಅದನ್ನು ಒಡೆಯಲು ಅವನೂ ಹೆದರುತ್ತಾನೆ. ಎರಡನೆಯ ಸೀಸನ್ನಿನಲ್ಲಿ ಸವಾಕೊ ಪಟ್ಟ ಪಾಡನ್ನು ಅಷ್ಟು ಉದ್ದಕ್ಕೆ ತೋರಿಸಿರದಿದ್ದರೆ ಅವನ ಪಾಡು ನಮಗೆ ಇಷ್ಟು ಬೇಗ ತಿಳಿಯುತ್ತಿರಲಿಲ್ಲ.

ಹೊಸದಾಗಿ ಶುರು ಮಾಡುವವರು ಕೇಳಿದರೆ ನಾನು ಹೇಳುವುದು 2009ರ ಅನಿಮೆ. ಒಂದೇ ಸಂಜೆ ಇದೆ ಅಂದರೆ ತಾಬೆ ಅವರಿಗಾಗಿ ಸಿನಿಮಾ ನೋಡಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ.

ಮಾಂಗಾದ ಕೊನೆಯ ಸಂಪುಟಗಳಲ್ಲಿ ಎಲ್ಲರಿಗೂ ಶಾಲೆ ಮುಗಿದ ಮೇಲೆ ಏನು ಅನ್ನುವ ಚಿಂತೆ. ಸವಾಕೊ ಟೀಚರ್ ಆಗಬೇಕು ಅಂತ ತೀರ್ಮಾನಿಸುತ್ತಾಳೆ. ಅದೇ ವಿಶ್ವವಿದ್ಯಾಲಯಕ್ಕೆ ಹೋಗಲು ಪಕ್ಕದಲ್ಲಿ ಕೂತು ಓದುವವಳು ಕುರುಮಿ. ಒಂದು ಕಾಲಕ್ಕೆ ಅವಳ ಬಾಯಿಗೆ ಸುಳ್ಳು ತುರುಕಿದವಳು ಈಗ ಅವಳ ನೋಟ್ಸ್ ಹಂಚಿಕೊಳ್ಳುತ್ತಾಳೆ, ಅವಳೆದುರು ತನ್ನ ತಪ್ಪನ್ನೂ ನೋವನ್ನೂ ಹೇಳಿಕೊಳ್ಳುತ್ತಾಳೆ. ಈ ಅಧ್ಯಾಯಗಳು ನನಗೆ ಸವಾಕೊ–ಕಜೆಹಾಯಾ ದೃಶ್ಯಗಳಿಗಿಂತ ಜಾಸ್ತಿ ಹಿಡಿಸಿವೆ. ಮುಖ್ಯ ಕಥೆ ಮುಗಿದ ಮೇಲೆ ಶೀನಾ 2018ರಲ್ಲಿ ಮತ್ತೆ ಈ ಲೋಕಕ್ಕೆ ಬಂದರು. 2022ರವರೆಗೆ ಬರೆದ ಆ ಹೊಸ ಕಥೆ 3 ಸಂಪುಟ ಆಯಿತು. ಅದರ ನಾಯಕಿ ಸವಾಕೊ ಅಲ್ಲ, ಕುರುಮಿ. ತೆರೆಗೆ ತರುವವರಿಗೆ ಇನ್ನೊಂದು ಅವಕಾಶ ಸಿಕ್ಕರೆ ನಾನು ಕಾಯುವುದು ಆ ಮೂರು ಸಂಪುಟಗಳಿಗಾಗಿ.